ಭೂಮಿಯ ಪಂಚಾಂಗ ಬರೆದವರು

ಡೈನೋಸಾರ್‌ಗಳು ಜುರಾಸಿಕ್ ಕಾಲದಲ್ಲಿದ್ದವು ಎಂದು ಇಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಭೂಮಿಯ ಚರಿತ್ರೆಯನ್ನು ಹೀಗೆ ಕಾಲಗಳಾಗಿ ವಿಂಗಡಿಸಿದವರಿಗೆ ಮಾತ್ರ, ಯಾವ ಕಾಲ ಎಷ್ಟು ವರ್ಷ ಹಿಂದಿನದು ಎಂಬುದು ಗೊತ್ತಿರಲಿಲ್ಲ. ಅವರಿಗೆ ಮೊದಲು ಸಿಕ್ಕಿದ್ದು ಹಿಂದು ಮುಂದಿನ ಕ್ರಮ. ವರ್ಷಗಳ ಲೆಕ್ಕ ಬಂದದ್ದು ಬಹಳ ತಡವಾಗಿ.

ಆ ಕ್ರಮವನ್ನು ಕಂಡವರಲ್ಲಿ ಪ್ರಮುಖ, ಇಂಗ್ಲೆಂಡಿನ ಕಮ್ಮಾರನ ಮಗ ವಿಲಿಯಂ ಸ್ಮಿತ್. ಸರ್ವೇಯರ್ ಆಗಿದ್ದ ಅವನು ಸಾಮರ್‌ಸೆಟ್ ಸೀಮೆಯ ಕಲ್ಲಿದ್ದಲು ಗಣಿಗಳಿಗೆ ಇಳಿದ, ಕಾಲುವೆಗಾಗಿ ನೆಲ ಅಗೆದಲ್ಲೆಲ್ಲ ಕಲ್ಲಿನ ಪದರಗಳನ್ನು ಪರೀಕ್ಷಿಸಿದ. ಒಂದೊಂದು ಪದರಕ್ಕೂ ಅದರದೇ ಆದ ಪಳೆಯುಳಿಕೆಗಳಿದ್ದವು. ಎಷ್ಟೇ ದೂರದ ಬಂಡೆಗಳಾಗಲಿ, ಒಂದೇ ಬಗೆಯ ಪಳೆಯುಳಿಕೆ ಇದ್ದರೆ ಅವು ಒಂದೇ ಕಾಲದವು ಎಂದು ಅವನಿಗೆ ಹೊಳೆಯಿತು. 1815ರಲ್ಲಿ ಅವನು ಪ್ರಕಟಿಸಿದ ಭೂವಿಜ್ಞಾನದ ಭೂಪಟ ಈ ತಿಳಿವಿನ ಫಲ.

1835ರಲ್ಲಿ ಆಡಂ ಸೆಜ್‌ವಿಕ್ ಮತ್ತು ರೋಡರಿಕ್ ಮರ್ಚಿಸನ್ ವೇಲ್ಸ್‌ನ ಬಂಡೆಗಳನ್ನು ಆಧರಿಸಿ ಕೇಂಬ್ರಿಯನ್, ಸಿಲೂರಿಯನ್ ಎಂಬ ಕಾಲಗಳನ್ನು ಹೆಸರಿಸಿದರು. ಒಂದು ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬಲ್ಲಿ ಗೆಳೆಯರಿಬ್ಬರೂ ಬದ್ಧ ವಿರೋಧಿಗಳಾದರು. ಇಬ್ಬರೂ ತೀರಿಕೊಂಡ ಮೇಲೆ, 1879ರಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ ವಿವಾದದ ಪದರಗಳಿಗೆ ಆರ್ಡೊವಿಶಿಯನ್ ಎಂಬ ಪ್ರತ್ಯೇಕ ಕಾಲವನ್ನೇ ಸೂಚಿಸಿದ.

ಕರ್ನಾಟಕದ ಹಳೆಯ ಬಂಡೆಗಳ ಮುಂದೆ ಪಳೆಯುಳಿಕೆಯಿಂದ ಕಾಲ ಗುರುತಿಸುವ ಈ ವಿಧಾನ ಸೋತಿತು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿನ ಶಿಲಾಪಟ್ಟಿಗಳನ್ನು ಗುರುತಿಸಿ ಅವಕ್ಕೆ ಧಾರವಾಡದ ಹೆಸರಿಟ್ಟ. ಆದರೆ ಕಾಲ ತಿಳಿಸುವಂಥ ಚಿಪ್ಪಾಗಲಿ ಎಲುಬಾಗಲಿ ಅವುಗಳಲ್ಲಿ ಇರಲಿಲ್ಲ. ಅಂಥ ಪಳೆಯುಳಿಕೆಗಳು ಹೇರಳವಾಗಿ ಸಿಗುವುದು ಕೇಂಬ್ರಿಯನ್‌ನಿಂದ ಈಚೆಗೆ. ಆ ಅವಧಿ ಸುಮಾರು 54 ಕೋಟಿ ವರ್ಷ; ಭೂಮಿಯ ಆಯುಸ್ಸಿನ ಎಂಟರಲ್ಲಿ ಒಂದು ಪಾಲೂ ಅಲ್ಲ. ನಮ್ಮ ಬಂಡೆಗಳು ಅದಕ್ಕಿಂತ ಬಹಳ ಹಿಂದಿನವು.

ಅವುಗಳ ವಯಸ್ಸು ಹೇಳಿದ್ದು ಪರಮಾಣು. 1896ರಲ್ಲಿ ವಿಕಿರಣಶೀಲತೆ ಪತ್ತೆಯಾಯಿತು. ಯುರೇನಿಯಂ ನಿಶ್ಚಿತ ಗತಿಯಲ್ಲಿ ಕ್ಷಯಿಸಿ ಕೊನೆಗೆ ಸೀಸವಾಗುತ್ತದೆ. ಖನಿಜದಲ್ಲಿ ಎರಡೂ ಎಷ್ಟೆಷ್ಟಿವೆ ಎಂದು ಅಳೆದರೆ ಅದರ ವಯಸ್ಸು ತಿಳಿಯುತ್ತದೆ. ಜಿರ್ಕಾನ್ ಹರಳು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಅದು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಪಾಲು ಹೊರಗಿಡುತ್ತದೆ. 1911ರಲ್ಲಿ, ಇನ್ನೂ ತರುಣನಾಗಿದ್ದ ಆರ್ಥರ್ ಹೋಮ್ಸ್ ಯುರೇನಿಯಂ-ಸೀಸದ ಲೆಕ್ಕದಿಂದ ಶಿಲೆಗಳ ಕಾಲಗಳಿಗೆ ವರ್ಷಗಳನ್ನು ಹೊಂದಿಸಲು ತೊಡಗಿದ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು, ಭೂಮಿಗೆ ಸುಮಾರು 455 ಕೋಟಿ ವರ್ಷವೆಂದು ತೋರಿಸಿದ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ ಎಂದು ನಾವು ಹೇಳಬಲ್ಲೆವಾದರೆ, ಅದು ಇಂಥ ಅಳತೆಗಳಿಂದಲೇ.

ಈ ಪಂಚಾಂಗದ ತಿದ್ದುಪಡಿ ಇಂದಿಗೂ ನಿಂತಿಲ್ಲ. ಮೇಘಾಲಯದ ಮಾವ್‌ಮ್ಲುಹ್ ಗುಹೆಯ ಸುಣ್ಣದ ಸ್ತಂಭವೊಂದು ಸುಮಾರು 4,200 ವರ್ಷಗಳ ಹಿಂದೆ ಮಳೆ ಕ್ಷೀಣಿಸಿದ್ದನ್ನು ತೋರಿಸಿತು. ಅದರ ಆಧಾರದಲ್ಲಿ, 2018ರಲ್ಲಿ ನಾವಿರುವ ಅವಧಿಗೆ ಮೇಘಾಲಯನ್ ಎಂಬ ಹೆಸರು ಅಧಿಕೃತವಾಯಿತು.

ಪ್ರತಿ ತಿದ್ದುಪಡಿಗೂ ಸಾಕ್ಷ್ಯ ಬೇಕು, ಆ ಸಾಕ್ಷ್ಯ ಇರುವುದು ಬಂಡೆಯಲ್ಲೇ. ಲಾಲ್‌ಬಾಗ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮಾನ್ಯತೆಯಿದೆ. ಜಲ್ಲಿಯಾಗಿ ಹೋಗುವ ಬಂಡೆಗೆ ಅಂಥ ಕಾವಲಿಲ್ಲ. ನಮ್ಮ ಊರುಗಳ ಇಂಥ ಕೆಲವು ಬಂಡೆಗಳನ್ನಾದರೂ ಆರಿಸಿ, ಫಲಕ ನೆಟ್ಟು, ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕಲಿಸುವುದು ನಮ್ಮ ಕೈಲಾಗುವ ಕೆಲಸ. ಜುರಾಸಿಕ್ ಬಲ್ಲ ಮಕ್ಕಳಿಗೆ ತಮ್ಮೂರಿನ ಕಲ್ಲಿನ ವಯಸ್ಸೂ ಗೊತ್ತಿರಬೇಕು.