ನೀಲ್‌ಬಾಗ್ ಪ್ರಯೋಗ: ಡೇವಿಡ್ ಹಾರ್ಸ್‌ಬರೋ ಅವರ ಶಿಕ್ಷಣ ಚಿಂತನೆ

ಕರ್ನಾಟಕದ ಪರ್ಯಾಯ ಶಿಕ್ಷಣದ ಇತಿಹಾಸವನ್ನು ಕುರಿತು ಮಾತನಾಡುವಾಗ ಶಿವರಾಮ ಕಾರಂತರ ಪುತ್ತೂರಿನ ಬಾಲವನ ಸಹಜವಾಗಿಯೇ ನೆನಪಾಗುತ್ತದೆ. ಆದರೆ ಕೋಲಾರ ಜಿಲ್ಲೆಯ ರಾಯಲ್ಪಾಡು ಬಳಿ 1972ರಲ್ಲಿ ಆರಂಭವಾದ ನೀಲ್‌ಬಾಗ್ ಶಾಲೆಯು ಕನ್ನಡದ ಶೈಕ್ಷಣಿಕ ಚರ್ಚೆಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗಿಲ್ಲ. ಅದರ ಸ್ಥಾಪಕ ಡೇವಿಡ್ ಹಾರ್ಸ್‌ಬರೋ (1923–1984) ಅವರ ಕಾರ್ಯದ ಸ್ವರೂಪವನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಈ ಆಂಗ್ಲ ಶಿಕ್ಷಕರು ಮುಂದೆ ರಿಷಿವ್ಯಾಲಿ ಶಾಲೆಯಲ್ಲಿಯೂ ಬ್ರಿಟಿಷ್ ಕೌನ್ಸಿಲಿನಲ್ಲಿಯೂ ದುಡಿದರು. ಇಂಗ್ಲಿಷ್ ಕಲಿಕೆಯ ಪಠ್ಯಗಳನ್ನು ರಚಿಸಿದರು. ಪಠ್ಯಪುಸ್ತಕ ರಚನೆಯ ಈ ದೀರ್ಘ ಅನುಭವದ ನಂತರ ಅವರು ಕಟ್ಟಿದ್ದು ಪಠ್ಯಪುಸ್ತಕವನ್ನೇ ಕೇಂದ್ರದಲ್ಲಿರಿಸದ ಒಂದು ಹಳ್ಳಿಶಾಲೆಯನ್ನು ಎಂಬುದು ಗಮನಾರ್ಹ.

ನೀಲ್‌ಬಾಗ್‌ನಲ್ಲಿ ವಯಸ್ಸಿಗನುಗುಣವಾದ ತರಗತಿಗಳಿರಲಿಲ್ಲ. ಭಿನ್ನ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಪರೀಕ್ಷೆ, ಬಹುಮಾನ, ಶಿಕ್ಷೆ ಇವು ಮೂರನ್ನೂ ಕೈಬಿಡಲಾಗಿತ್ತು. ಗಣಿತ, ಇಂಗ್ಲಿಷ್, ಸಂಸ್ಕೃತಗಳ ಜೊತೆಗೆ ಆ ಗಡಿಸೀಮೆಯ ಮನೆಮಾತಾದ ತೆಲುಗಿಗೂ, ಮರಗೆಲಸ, ಹೊಲಿಗೆ, ಗಾರೆಕೆಲಸ, ತೋಟಗಾರಿಕೆ, ಸಂಗೀತಗಳಿಗೂ ಸ್ಥಾನವಿತ್ತು. ಶಿಕ್ಷಕರಾಗಬಯಸುವವರು ಅಲ್ಲಿಯೇ ಮಕ್ಕಳ ನಡುವೆ ಕೆಲಸ ಮಾಡುತ್ತ ತರಬೇತಿ ಪಡೆಯುತ್ತಿದ್ದರು. ಮಗುವನ್ನು ಗಮನಿಸಿ ಅದಕ್ಕೆ ಬೇಕಾದ ಕಲಿಕಾ ಸಾಮಗ್ರಿಯನ್ನು ಸಿದ್ಧಪಡಿಸುವುದು ಶಿಕ್ಷಕನ ಮುಖ್ಯ ಹೊಣೆಯಾಗಿತ್ತು.

ಈ ಚಿಂತನೆಯ ಪ್ರಭಾವಕ್ಕೆ ಒಳಗಾದ ರಮಾ ಮತ್ತು ಪದ್ಮನಾಭರಾವ್ ದಂಪತಿಗಳು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಲಿಕಾ ಏಣಿ ಮತ್ತು ಕಾರ್ಡುಗಳ ಕ್ರಮವನ್ನು ರೂಪಿಸಿದರು. ಅದನ್ನು ಕಂಡು ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು 1995ರಲ್ಲಿ ನಲಿಕಲಿಯನ್ನು ಆರಂಭಿಸಿದರು. ಕನ್ನಡದ ಕಾರ್ಡುಗಳನ್ನು ಸ್ವತಃ ರಚಿಸಿದರು. 2009–10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು.

ಈ ವಿಸ್ತರಣೆ ಒಂದು ಮೂಲಭೂತ ಪ್ರಶ್ನೆಯನ್ನು ಎತ್ತುತ್ತದೆ. ಶಿಕ್ಷಕನ ಕೈಯಲ್ಲಿ ಹುಟ್ಟಿದ ಸಾಮಗ್ರಿ ಏಕರೂಪದ ಮುದ್ರಿತ ಕಾರ್ಡಾಗಿ ಶಾಲೆಗೆ ಬಂದಾಗ, ಅದೂ ಇನ್ನೊಂದು ಪಠ್ಯಪುಸ್ತಕವೇ ಆಗಿಬಿಡುವ ಸಾಧ್ಯತೆಯಿದೆ. ಬಳ್ಳಾರಿಯ ಮಗುವಿನ ಕನ್ನಡ, ಕುಂದಾಪುರದ ಮಗುವಿನ ಕನ್ನಡ, ತೆಲುಗು ಮನೆಮಾತಿನ ಶ್ರೀನಿವಾಸಪುರದ ಮಗು ಕಲಿಯುವ ಕನ್ನಡ ಇವು ಒಂದೇ ಅಲ್ಲ. ಈ ಅಂತರವನ್ನು ಬಲ್ಲವನು ಆಯಾ ಊರಿನ ಶಿಕ್ಷಕ. ಆದ್ದರಿಂದ ಹಾರ್ಸ್‌ಬರೋ ಅವರ ಪ್ರಯೋಗದಿಂದ ಪಡೆಯಬೇಕಾದುದು ಕಾರ್ಡುಗಳ ಮಾದರಿಗಿಂತ ಹೆಚ್ಚಾಗಿ ಅವುಗಳನ್ನು ರಚಿಸುವ ಶಿಕ್ಷಕನ ಸ್ವಾತಂತ್ರ್ಯ ಮತ್ತು ಸಿದ್ಧತೆ. ಕನ್ನಡದ ಉಪಭಾಷಾ ಅಧ್ಯಯನಗಳು ಈ ಸಿದ್ಧತೆಗೆ ಒದಗಬೇಕಾಗಿದೆ.