ಕಟ್ಟಡದ ಮುಖ ಬೀದಿಯ ಸೊತ್ತು

ಪೇಟೆಯಲ್ಲಿ ವಾಣಿಜ್ಯ ಕಟ್ಟಡ ಕಟ್ಟುವವರು ಬಾಡಿಗೆಯ ಲೆಕ್ಕವನ್ನು ಮೊದಲೇ ಹಾಕಿರುತ್ತಾರೆ. ಆದರೆ ಅದರ ಮುಂಭಾಗವನ್ನು ದಿನವೂ ನೋಡಬೇಕಾದ ದಾರಿಹೋಕರ ಬಗ್ಗೆ ಯೋಚಿಸುವವರೆಷ್ಟು ಮಂದಿ?

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1891ರಲ್ಲಿ ಪೂರ್ಣಗೊಂಡ, ಹತ್ತು ಅಂತಸ್ತುಗಳ ವೇನ್‌ರೈಟ್ ಕಟ್ಟಡವನ್ನೇ ನೋಡಿ. ವಾಸ್ತುಶಿಲ್ಪಿ ಲೂಯಿಸ್ ಸಲಿವನ್ ಅದರ ಮುಂಭಾಗವನ್ನು ಮೂರು ಪಾಲು ಮಾಡಿದರು. ಕೆಳಗಿನ ಎರಡು ಅಂತಸ್ತುಗಳಲ್ಲಿ ಅಂಗಡಿಗಳಿಗೆ ತಕ್ಕ ಅಗಲ ಕಿಟಕಿಗಳು. ಮೇಲಿನ ಏಳು ಅಂತಸ್ತುಗಳಲ್ಲಿ ಕಚೇರಿಗಳು; ಅಲ್ಲಿ ಒಂದೇ ಅಳತೆಯ ಕಿಟಕಿಗಳು, ನಡುನಡುವೆ ನೇರವಾಗಿ ಮೇಲೇರುವ ಇಟ್ಟಿಗೆಯ ಕಂಬಗಳು. ತುದಿಯಲ್ಲಿ ಸುಟ್ಟ ಮಣ್ಣಿನ ಎಲೆಬಳ್ಳಿಯ ಅಲಂಕಾರ. ಒಳಗಿನ ಉಪಯೋಗವೇ ಹೊರಗಿನ ಅಳತೆಯನ್ನು ನಿರ್ಧರಿಸಿತು. ಹಾಗಾಗಿ ಅದರ ಎತ್ತರ ಕಣ್ಣಿಗೆ ಭಾರವಾಗಲಿಲ್ಲ.

1970ರ ದಶಕದಲ್ಲಿ ಅದನ್ನು ಕೆಡವುವ ಭೀತಿ ಎದುರಾದಾಗ ಮಿಸೌರಿ ರಾಜ್ಯ ಸರಕಾರವೇ ಕೊಂಡು ಉಳಿಸಿತು.

ಕಟ್ಟಡದ ಒಳಭಾಗ ಮಾಲಕನದ್ದಾಗಿರಬಹುದು. ಅದರ ಮುಖ ಮಾತ್ರ ಇಡೀ ಬೀದಿಗೆ ಸೇರಿದ್ದು.