ಸಂಗೀತ: ಬಿದ್ದು

ರಾಜ್ಯೋತ್ಸವಕ್ಕೆ ಇನ್ನೂ ಎರಡು ವಾರವಿತ್ತು. ಸರ್ಜಾಪುರದ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಮಕ್ಕಳ ಡಾನ್ಸ್ ಪ್ರಾಕ್ಟೀಸು. ಹನ್ನೆರಡು ಮಕ್ಕಳು ಎರಡು ಸಾಲಾಗಿ ನಿಂತು ಗಾಳಿಗೆ ಒದೆಯುತ್ತಿದ್ದವು. ಸ್ಪೀಕರಿನ ತುಂಬ ‘ಹೂ!’ ‘ಹಾ!’ ಎಂಬ ಕೂಗು. ಕುಂಗ್ ಫೂ ಫೈಟಿಂಗ್! ಪಾಂಡಾ ಸಿನಿಮಾ ನೋಡಿದ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಹಾಡು. ಸಾಂಸ್ಕೃತಿಕ ಸಮಿತಿಯ ಮೂವರಲ್ಲಿ ನಾನೂ ಒಬ್ಬ. ಅಧಿಕಾರ ಸಣ್ಣದಾದಷ್ಟೂ ಗತ್ತು ಜಾಸ್ತಿ ನೋಡಿ. ಎದ್ದು ನಿಂತು ಹೇಳಿಯೇಬಿಟ್ಟೆ: “ರಾಜ್ಯೋತ್ಸವಕ್ಕೆ ಇದೆಂಥ ಹಾಡ್ರೀ? ನಮ್ಮೂರಿನವರದ್ದು ಯಾವುದಾದರೂ ಹಾಕಿ.”

ಡಾನ್ಸ್ ಮೇಷ್ಟ್ರು ಹಾಡು ನಿಲ್ಲಿಸಿದರು. ಮಕ್ಕಳ ಮುಖ ಸಪ್ಪಗಾಯಿತು. ಅವತ್ತು ರಾತ್ರಿ ಊಟವಾದ ಮೇಲೆ, ಬರೀ ಚಪಲಕ್ಕೆ, ಈ ಹಾಡು ಯಾರದ್ದು ಅಂತ ಹುಡುಕುತ್ತಾ ಕೂತೆ. ಹಾಡಿದವರು ಜಮೈಕಾದ ಕಾರ್ಲ್ ಡಗ್ಲಸ್. ಸರಿ. ಮಾಡಿಸಿದವರು? ನಿರ್ಮಾಪಕರ ಹೆಸರು ಬಿದ್ದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ.

ಅಪ್ಪಯ್ಯ? ಕೊಡವರಾ? ಹೌದು, ಕೊಡವರು! ಹುಟ್ಟಿದ್ದು ಬೆಂಗಳೂರಿನಲ್ಲಿ. ಓದಿದ್ದು ರೆಸಿಡೆನ್ಸಿ ರಸ್ತೆಯ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ನಮ್ಮೂರಿನವರದ್ದು ಹಾಕಿ ಅಂತ ಗದರಿಸಿದ್ದೆನಲ್ಲ, ಮೇಷ್ಟ್ರು ಹಾಕಿದ್ದೇ ನಮ್ಮೂರಿನವರದ್ದು! ಲ್ಯಾಪ್‌ಟಾಪ್ ಮುಚ್ಚಿದೆ, ಮತ್ತೆ ತೆಗೆದೆ. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. “ನಾಳೆ ಹೇಳಿ” ಅಂತ ಮಗ್ಗುಲಾದಳು. ನಾಳೆಯವರೆಗೆ ಕಾಯುವ ಸುದ್ದಿಯೇ ಇದು?

ಆ ಹಾಡು ಹುಟ್ಟಿದ ಕಥೆಯನ್ನಾದರೂ ಕೇಳಿ. ಬೆಂಗಳೂರಿನ ಹುಡುಗ ಬಿದ್ದು ಪಾಪ್ ಸಂಗೀತ ಕೇಳಿ ಬೆಳೆದದ್ದು ರೇಡಿಯೊ ಸಿಲೋನಿನಲ್ಲಿ. ಹದಿಹರೆಯದಲ್ಲೇ ಗೆಳೆಯರ ಜೊತೆ ಟ್ರೋಜನ್ಸ್ ಅಂತ ಒಂದು ತಂಡ ಕಟ್ಟಿ ಇಂಗ್ಲಿಷ್ ಪಾಪ್ ಹಾಡಿಕೊಂಡು ತಿರುಗಿದವರು, 1960ರ ದಶಕ ಮುಗಿಯುವ ಮೊದಲೇ ಇಂಗ್ಲೆಂಡ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಕೈಲಿ ಒಂದು ಹಾಡು ಹಾಡಿಸಲು ಸ್ಟುಡಿಯೊ ಹಿಡಿದರು. ಸಿಕ್ಕಿದ್ದು ಮೂರು ಗಂಟೆ. ಮುಖ್ಯ ಹಾಡಿಗೇ ಹೆಚ್ಚುಕಡಿಮೆ ಅಷ್ಟೂ ಹೊತ್ತು ಹೋಯಿತು. ಪ್ಲೇಟಿಗೆ ಎರಡು ಮುಖ ಇರುತ್ತದಲ್ಲ, ಹಿಂಬದಿಗೂ ಏನಾದರೊಂದು ಬೇಕು. ಉಳಿದ ಹತ್ತು ನಿಮಿಷದಲ್ಲಿ, ಎರಡೇ ಟೇಕಿನಲ್ಲಿ, ಕಾರ್ಲ್ ಬರೆದು ತಂದಿದ್ದ ಇನ್ನೊಂದು ಹಾಡನ್ನು ಮುಗಿಸಿದರು. ಹಿಂಬದಿಯ ಹಾಡು ಯಾರು ಕೇಳುತ್ತಾರೆ ಅಂತ ಬಿದ್ದು ಮನಸೋ ಇಚ್ಛೆ ‘ಹೂ’ ‘ಹಾ’ ಎಲ್ಲ ತುಂಬಿಸಿಬಿಟ್ಟರು!

ಪೈ ರೆಕಾರ್ಡ್ಸ್ ಕಂಪನಿಯವರು ಎರಡೂ ಕೇಳಿ, ಹಿಂದಿನದನ್ನು ಮುಂದಕ್ಕೆ ಹಾಕಿ ಅಂದರು. ಬಿಡುಗಡೆಯಾದ ಮೊದಲ ವಾರಗಳಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಆಮೇಲೆ ಡಾನ್ಸ್ ಕ್ಲಬ್ಬುಗಳು ಎತ್ತಿಕೊಂಡವು ನೋಡಿ, ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನ. ಒಂದು ಕೋಟಿ ಹತ್ತು ಲಕ್ಷ ಪ್ರತಿ ಮಾರಾಟವಾಯಿತು ಅಂತ ಲೆಕ್ಕ ಹೇಳುತ್ತಾರೆ. ಹಾಂಕಾಂಗ್ ಸಿನಿಮಾಗಳ ಹುಚ್ಚು, ಜಮೈಕಾದ ಕಂಠ, ಲಂಡನ್ನಿನ ಸ್ಟುಡಿಯೊ, ಮಧ್ಯೆ ಕೂತು ತಾಳ ಕೂಡಿಸಿದವರು ಒಬ್ಬ ಬೆಂಗಳೂರು ಕೊಡವರು. ಹೆಸರು ಮಾತ್ರ ಬಿದ್ದು. ಎದ್ದ ಎತ್ತರ ನೋಡಿ!

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ 1974 ಎಂಬ ಅಂಕಿ ತಲೆಯಲ್ಲಿ ಗುಂಯ್ ಅನ್ನುತ್ತಿತ್ತು. ಅದೇ ವರ್ಷ ಮೇ 18ರಂದು ಪೋಖ್ರಾನಿನ ಮರಳಿನಡಿ ಭಾರತ ಮೊದಲ ಅಣುಪರೀಕ್ಷೆ ನಡೆಸಿತ್ತು. ಆ ಕೆಲಸದ ಮುಂದಾಳು, ಆಗ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರು, ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ. ಅವರು ಓದಿದ್ದೆಲ್ಲಿ? ಊಹಿಸಿ. ಅದೇ ಬಿಷಪ್ ಕಾಟನ್! ಮೇ ತಿಂಗಳಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಮರುಭೂಮಿಯನ್ನು ನಡುಗಿಸಿದರೆ, ಸೆಪ್ಟೆಂಬರಿನಲ್ಲಿ ಇನ್ನೊಬ್ಬರು ಲಂಡನ್ನಿನ ಡಾನ್ಸ್ ಫ್ಲೋರ್ ನಡುಗಿಸಿದರು.

ಅಣುವಿಜ್ಞಾನಿಗೂ ಸಂಗೀತಕ್ಕೂ ಏನು ಸಂಬಂಧ ಅಂತೀರಾ? ರಾಮಣ್ಣನವರ ಪ್ರಾಣವೇ ಪಿಯಾನೊ. ವೇದಿಕೆಯ ಮೇಲೆ ಕಛೇರಿ ಕೊಡುವಷ್ಟು ಗಟ್ಟಿ ಕೈ. ನಮ್ಮ ರಾಗಗಳ ಮತ್ತು ಪಾಶ್ಚಾತ್ಯ ಸಂಗೀತದ ರಚನೆ ಕುರಿತು ಪುಸ್ತಕವನ್ನೇ ಬರೆದಿದ್ದಾರೆ. ಆತ್ಮಕಥೆಗೆ ‘ಇಯರ್ಸ್ ಆಫ್ ಪಿಲ್ಗ್ರಿಮೇಜ್’ ಎಂದು ಹೆಸರಿಟ್ಟರು. ಹಂಗೇರಿಯ ಲಿಸ್ಟ್ ಪಿಯಾನೊಗೆಂದೇ ರಚಿಸಿದ ಮಾಲಿಕೆಯೊಂದಕ್ಕೂ ಇದೇ ಹೆಸರು. ಸಂಗೀತ ಅವರ ಹೊಟ್ಟೆಪಾಡಾಗಲಿಲ್ಲ, ನಿಜ. ನನ್ನ ಪಟ್ಟಿಯಿಂದ ಅವರನ್ನು ತೆಗೆಯಲು ಮಾತ್ರ ಮನಸ್ಸೇ ಬರಲಿಲ್ಲ.

ಹೌದು, ಅಷ್ಟು ಹೊತ್ತಿಗೆ ಹಾಡು ಕುಣಿತದ ನಂಟಿರುವ ಆ ಶಾಲೆಯವರ ಪಟ್ಟಿ ಶುರುವಾಗಿತ್ತು. ರಾತ್ರಿ ಒಂದೂವರೆಯ ಸುಮಾರಿಗೆ ಅದರೊಳಗೆ ಇನ್ನೊಂದು ಹೆಸರು ಬಂದು ಕೂತಾಗ ಕುರ್ಚಿಯಿಂದ ಎದ್ದೇಬಿಟ್ಟೆ.

1980ರ ‘ಕುರ್ಬಾನಿ’ ಸಿನಿಮಾ ನೆನಪಿದೆಯಾ? ಜೀನತ್ ಅಮಾನ್, ಮಿನುಗುವ ದೀಪಗಳು, ‘ಆಪ್ ಜೈಸಾ ಕೋಯಿ’. ಸಿನಿಮಾದ ಉಳಿದ ಹಾಡುಗಳೆಲ್ಲ ಕಲ್ಯಾಣಜಿ–ಆನಂದಜಿಯವರದ್ದು. ಇದೊಂದು ಮಾತ್ರ ಬಿದ್ದು ಅವರದ್ದು. ಹಾಡಿದ್ದು ಲಂಡನ್ನಿನಲ್ಲಿ ಬೆಳೆಯುತ್ತಿದ್ದ ಕರಾಚಿಯ ಹುಡುಗಿ ನಾಜಿಯಾ ಹಸನ್. ಹದಿನೈದನೇ ವಯಸ್ಸಿಗೆ ಫಿಲ್ಮ್‌ಫೇರ್ ಪ್ರಶಸ್ತಿ! ಆ ಹುಡುಗಿಯನ್ನು ಪಾರ್ಟಿಯೊಂದರಲ್ಲಿ ಕಂಡು ಬಿದ್ದು ಹತ್ತಿರ ಕಳಿಸಿದವರು ಸಿನಿಮಾದ ನಾಯಕ, ನಿರ್ಮಾಪಕ, ನಿರ್ದೇಶಕ ಫಿರೋಜ್ ಖಾನ್. ಫಿರೋಜ್ ಖಾನ್ ಹುಟ್ಟಿದ್ದು 1939ರಲ್ಲಿ, ಬೆಂಗಳೂರಿನಲ್ಲಿ. ಓದಿದ ಶಾಲೆಗಳು ಸೇಂಟ್ ಜರ್ಮೇನ್ ಮತ್ತು...

ಹ್ಞಾಂ. ಬಿಷಪ್ ಕಾಟನ್!

ಹಿಂದಿ ಸಿನಿಮಾಕ್ಕೆ ಡಿಸ್ಕೊ ಜ್ವರ ಹತ್ತಿಸಿದ ಹಾಡಿನ ಒಂದು ತುದಿಯಲ್ಲಿ ಲಂಡನ್, ಇನ್ನೊಂದು ತುದಿಯಲ್ಲಿ ಬೊಂಬಾಯಿ. ಎರಡೂ ತುದಿ ಹಿಡಿದು ನಿಂತವರು ಒಂದೇ ಶಾಲೆಯ ಅಂಗಳದಲ್ಲಿ ಆಡಿದವರು! ಇಬ್ಬರಿಗೂ ನಡುವೆ ಐದಾರು ವರ್ಷದ ಅಂತರ. ಒಬ್ಬರು ದೊಡ್ಡ ತರಗತಿಯ ಅಣ್ಣ, ಇನ್ನೊಬ್ಬರು ಪುಟ್ಟ ಚಡ್ಡಿಯ ತಮ್ಮ. ಮರುವರ್ಷವೇ ಬಿದ್ದು, ನಾಜಿಯಾ ಮತ್ತು ತಮ್ಮ ಜೋಹೇಬ್ ‘ಡಿಸ್ಕೊ ದೀವಾನೆ’ ತಂದರು. 1995ರಲ್ಲಿ ಅಲಿಶಾ ಚಿನಾಯ್ ಜೊತೆ ‘ಮೇಡ್ ಇನ್ ಇಂಡಿಯಾ’. ಇಷ್ಟೂ ಹಾಡಿಗೆ ನಾನು ಕುಣಿದಿದ್ದೇನೆ. ಕಾಲೇಜಿನಲ್ಲಿ, ತಂಗಿಯ ಮದುವೆಯಲ್ಲಿ, ಇದೇ ಕ್ಲಬ್‌ಹೌಸಿನ ಹೊಸ ವರ್ಷದ ಪಾರ್ಟಿಯಲ್ಲಿ. ಒಂದು ಸಲವೂ ಯಾರ ತಾಳಕ್ಕೆ ಕುಣೀತಿದ್ದೀನಿ ಅಂತ ಕೇಳಿಕೊಂಡವನಲ್ಲ.

ಭಾನುವಾರ ಬೆಳಿಗ್ಗೆ ತಡೆಯಲಾಗದೆ ಆ ಶಾಲೆಯ ಕಡೆ ಹೊರಟೆ. ಸರ್ಜಾಪುರದಿಂದ ದೊಮ್ಮಸಂದ್ರ, ಕಾರ್ಮೆಲಾರಂ, ಇಬ್ಬಲೂರು, ಅಗರ. ವಾರದ ದಿನಗಳಲ್ಲಿ ಈ ದಾರಿಗೆ ಎಷ್ಟು ಹೊತ್ತು ಬೇಕು ಅಂತ ಇಲ್ಲಿಯವರನ್ನು ಕೇಳಬೇಡಿ. ಕಣ್ಣಲ್ಲಿ ನೀರು ಬರುತ್ತದೆ. ಅಣ್ಣಮ್ಮನ ಜಾತ್ರೆಯ ಹಾಗೆ ಸಾಫ್ಟ್‌ವೇರ್ ಜನ ಜಮಾಯಿಸುವ ರಸ್ತೆ ಅವತ್ತು ಖಾಲಿ. ಆಡುಗೋಡಿ ದಾಟಿ ಹೊಸೂರು ರಸ್ತೆಯಲ್ಲಿ ಜಾನ್ಸನ್ ಮಾರ್ಕೆಟ್ ಕಡೆ ತಿರುಗುವಾಗ ಸಾಲು ಸಾಲು ಸ್ಮಶಾನಗಳು. ನೂರಾರು ಸಲ ಇಲ್ಲಿ ಸಿಗ್ನಲ್ಲಿಗೆ ನಿಂತಿದ್ದೇನೆ, ಹಾರ್ನ್ ಹೊಡೆದಿದ್ದೇನೆ. ಈ ಹೊಸೂರು ರಸ್ತೆಯ ಶಿಯಾ ಖಬರಸ್ತಾನದಲ್ಲೇ, ತಾಯಿಯ ಸಮಾಧಿಯ ಹತ್ತಿರ, ಫಿರೋಜ್ ಖಾನ್ ಮಲಗಿದ್ದಾರೆ! 2009ರ ಏಪ್ರಿಲ್ 27ರಂದು ಅವರು ಕಣ್ಣುಮುಚ್ಚಿದ್ದೂ ಬೆಂಗಳೂರಿನಲ್ಲೇ. ಕೌಬಾಯ್ ಟೋಪಿ, ಬೂಟು, ಚುರುಟು, ಬೊಂಬಾಯಿಯ ಥಳಕು ಎಲ್ಲ ಕಳಚಿಟ್ಟು ಊರಿಗೆ ಮರಳಿದ ಜೀವ. ಗಾಡಿ ಪಕ್ಕಕ್ಕೆ ಹಾಕಿ ಎರಡು ನಿಮಿಷ ಸುಮ್ಮನೆ ನಿಂತೆ.

ಅಲ್ಲಿಂದ ಶಾಲೆ ದೂರವೇನಲ್ಲ. ರಿಚ್ಮಂಡ್ ಟೌನ್ ದಾಟಿದರೆ ಆಯಿತು. ಭಾನುವಾರವಾದ್ದರಿಂದ ಗೇಟು ಹಾಕಿತ್ತು. ಸೆಕ್ಯುರಿಟಿಯವರು “ಅಡ್ಮಿಷನ್ನಾ ಸಾರ್? ನಾಳೆ ಬನ್ನಿ” ಅಂದರು. ಏನಂತ ಹೇಳಲಿ! ಗೇಟಿನಾಚೆಗೆ ನೋಡುತ್ತಾ ನಿಂತೆ.

1865ರಲ್ಲಿ ರೆವರೆಂಡ್ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ಶುರು ಮಾಡಿದ ಶಾಲೆ. ಹೆಸರು ಕಲ್ಕತ್ತೆಯ ಬಿಷಪ್ ಜಾರ್ಜ್ ಕಾಟನ್ ಅವರದ್ದು. ಈ ಕಾಟನ್ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ‘ಟಾಮ್ ಬ್ರೌನ್ಸ್ ಸ್ಕೂಲ್‌ಡೇಸ್’ ಕಾದಂಬರಿಯೊಳಗೂ ಹೊಕ್ಕವರು. ಅದರಲ್ಲಿ ಬರುವ ಹೆಸರಿಲ್ಲದ ಯುವ ಶಿಕ್ಷಕ ಇವರೇ. ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್ನಿನದು: ಎಡಕ್ಕೂ ಹೊರಳದೆ ಬಲಕ್ಕೂ ಹೊರಳದೆ ನೇರ ನಡೆ ಅಂತ ಅರ್ಥ. ಜನರಲ್ ತಿಮ್ಮಯ್ಯನವರು ಓದಿದ ಶಾಲೆಗೆ ಈ ಮಾತು ಒಪ್ಪುತ್ತದೆ. ಪಾಠ ಬಿಟ್ಟು ಗಿಟಾರಿನ ಕಡೆ ಹೊರಳಿದವರಿಗೆ?

ರಿಕಿ ಕೇಜ್ ಅವರನ್ನೇ ತಗೊಳ್ಳಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1981ರಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಇದೇ ಶಾಲೆ ಸೇರಿದ ಹುಡುಗ. ಆಮೇಲೆ ಡೆಂಟಲ್ ಕಾಲೇಜು. ದಂತವೈದ್ಯನ ಪದವಿಯೂ ಕೈಗೆ ಬಂತು. ಹಲ್ಲು ಕೀಳಬೇಕಿದ್ದ ಕೈ ಕೀಬೋರ್ಡಿನ ಮೇಲೆ ಹೋಯಿತು! ಜಾಹೀರಾತುಗಳ ಜಿಂಗಲ್ ಮಾಡಿಕೊಂಡಿದ್ದವರು 2015ರಲ್ಲಿ ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆಗಿನ ‘ವಿಂಡ್ಸ್ ಆಫ್ ಸಂಸಾರ’ಕ್ಕೆ ಗ್ರ್ಯಾಮಿ ಎತ್ತಿದರು. 2022ರಲ್ಲಿ ಇನ್ನೊಂದು. 2023ರಲ್ಲಿ ಮತ್ತೊಂದು. ಕೊನೆಯ ಎರಡೂ ‘ಡಿವೈನ್ ಟೈಡ್ಸ್’ ಆಲ್ಬಮ್ಮಿಗೆ. ಜೊತೆಗಾರ ‘ದಿ ಪೊಲೀಸ್’ ತಂಡದ ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲ್ಯಾಂಡ್. 2025ರಲ್ಲಿ ಪದ್ಮಶ್ರೀ. ಡೇವಿಡ್ ಅಟೆನ್‌ಬರೊ ದನಿ ಕೊಟ್ಟ ‘ವೈಲ್ಡ್ ಕರ್ನಾಟಕ’ ನೋಡಿದ್ದೀರಾ? ನಮ್ಮ ಕಾಡಿನ ಹುಲಿ, ಆನೆಗಳ ಹಿಂದೆ ಕೇಳುವ ಸಂಗೀತವೂ ಇವರದ್ದೇ. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ‘ಓ ಸನಮ್’ ಹಾಡಿದ ಲಕ್ಕಿ ಅಲಿ ಹೆಸರೂ ಇದೆ. ಅವರ ಬಗ್ಗೆ ಬರೆಯಲು ಹೊರಟರೆ ಸಂಚಿಕೆ ಸಾಲದು.

ಬೆನ್ನು ತಿರುಗಿಸಿದರೆ, ರಸ್ತೆಯಾಚೆಗೆ ಬಿಷಪ್ ಕಾಟನ್ ಬಾಲಕಿಯರ ಶಾಲೆ. ಮೇಲುಕೋಟೆಯಲ್ಲಿ ಹುಟ್ಟಿದ ಒಂದು ಪುಟ್ಟ ಹುಡುಗಿ 1950ರ ದಶಕದಲ್ಲಿ ಅಲ್ಲಿ ಓದುತ್ತಿದ್ದಳು. ಆಮೇಲೆ ಮದರಾಸಿಗೆ ಹೋದಳು. ಭರತನಾಟ್ಯ, ಕರ್ನಾಟಕ ಸಂಗೀತ, ಪಿಯಾನೊ ಎಲ್ಲ ಕಲಿತಳು. 1964ರಲ್ಲಿ ಬಿ.ಆರ್. ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ ಕಲ್ಯಾಣ್ ಕುಮಾರ್ ಎದುರು ನಾಯಕಿಯಾಗಿ ಬಂದಳು. ಜಯಲಲಿತಾ! ಆಮೇಲಿನದು ಬೇರೆಯದೇ ಮಹಾಭಾರತ. ಕಾವೇರಿ ನೀರಿನ ನೆನಪಿರುವವರಿಗೆ ಹೇಳಬೇಕಿಲ್ಲ.

ಗೇಟಿನ ಮುಂದೆ ನಿಂತ ನನ್ನೊಳಗಿನ ಕನ್ನಡ ಮೀಡಿಯಂ ಹುಡುಗ ಅಷ್ಟರಲ್ಲಿ ಮೊಣಕೈಯಿಂದ ತಿವಿದ. ದಂಡಿನ ಇಂಗ್ಲಿಷ್ ಶಾಲೆಯವರದ್ದೇ ಹಾಡಿ ಹೊಗಳುತ್ತಿದ್ದೀಯಲ್ಲ, ಪೇಟೆಯ ಕಡೆ ಯಾರೂ ಇಲ್ಲವಾ ಅಂತ. ಯಾಕಿಲ್ಲ! ಗವಿಪುರದ ಸರ್ಕಾರಿ ಕನ್ನಡ ಮಾದರಿ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗನೊಬ್ಬನನ್ನು ಅವನ ಅಣ್ಣ ರಾಮಕೃಷ್ಣ ಮಠಕ್ಕೆ ಸೇರಿಸಿದರು. ಅಲ್ಲಿನ ನಾಟಕಗಳಲ್ಲಿ ಬಣ್ಣ ಹಚ್ಚಿದ ಹುಡುಗನಿಗೆ ಆ ರುಚಿ ಬಿಡಲೇ ಇಲ್ಲ. ಆಚಾರ್ಯ ಪಾಠಶಾಲೆಗೆ ಹೋದರೂ ನಾಟಕ. ಬಿಟಿಎಸ್ ಬಸ್ಸಿನ ಕಂಡಕ್ಟರಾಗಿ ಸೀಟಿ ಊದುವಾಗಲೂ ಟೋಪಿ ಮುನಿಯಪ್ಪನವರ ಪೌರಾಣಿಕ ನಾಟಕಗಳಲ್ಲಿ ಪಾತ್ರ. ಶಿವಾಜಿ ರಾವ್ ಗಾಯಕವಾಡ್ 1975ರಲ್ಲಿ ತಮಿಳು ತೆರೆಗೆ ಬಂದದ್ದು ರಜನಿಕಾಂತ್ ಎಂಬ ಹೆಸರಿನಲ್ಲಿ. ಮರುವರ್ಷ ಪುಟ್ಟಣ್ಣನವರ ‘ಕಥಾಸಂಗಮ’ದಲ್ಲಿ ನಮ್ಮ ಮುಂದೆ.

ನನಗೆ ಸೋಜಿಗ ಅನ್ನಿಸಿದ್ದು ಬೇರೆಯೇ. ಡಿಸ್ಕೊ ಮಾಡುವುದನ್ನಾಗಲಿ ಸಿಗರೇಟು ಎಸೆದು ಬಾಯಲ್ಲಿ ಹಿಡಿಯುವುದನ್ನಾಗಲಿ ಯಾವ ಶಾಲೆಯೂ ಕಲಿಸಿರಲಿಕ್ಕಿಲ್ಲ. ಬಿದ್ದು ಅವರಿಗೆ ಪಾಠ ಮಾಡಿದ್ದು ಸಿಲೋನಿನ ರೇಡಿಯೊ. ರಜನಿಗೆ ಮುನಿಯಪ್ಪನವರ ನಾಟಕ. ಆದರೂ ಊರಿನ ಯಾವುದೋ ಎರಡು ರಸ್ತೆ ಸೇರುವಲ್ಲಿ, ಒಂದು ಗಂಟೆಯ ಸದ್ದಿಗೆ ಒಳಗೆ ಹೋಗಿ ಇನ್ನೊಂದು ಗಂಟೆಯ ಸದ್ದಿಗೆ ಹೊರಗೆ ಓಡಿಬಂದ ಮಕ್ಕಳು ಇವರು. ಇದಿಷ್ಟೂ ನನ್ನ ಮನೆಯಿಂದ ಒಂದು ಬಸ್ ಟಿಕೆಟ್ಟಿನ ದೂರದಲ್ಲಿ!

ಸೋಮವಾರ ಸಂಜೆ ಸಮಿತಿಯ ಮುಂದೆ ತಪ್ಪೊಪ್ಪಿಗೆ ಮಂಡಿಸಿದೆ. “ಹಾಡು ವಾಪಸ್ ಹಾಕಿ ಮೇಷ್ಟ್ರೇ, ಅದು ನಮ್ಮೂರಿನದೇ” ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಬೇಡ ಅಂದ ಮೇಲೂ ನಾವು ಅದನ್ನೇ ಪ್ರಾಕ್ಟೀಸ್ ಮಾಡ್ತಿದ್ವಿ ಸಾರ್” ಅಂದರು. ಸದ್ಯ! ನಿರೂಪಣೆ ಮಾಡುವ ಆರನೇ ಕ್ಲಾಸಿನ ಹುಡುಗಿಗೆ ಎರಡು ಸಾಲು ನಾನೇ ಬರೆದುಕೊಟ್ಟೆ.

ಕಾರ್ಯಕ್ರಮದ ರಾತ್ರಿ. ಭುವನೇಶ್ವರಿಯ ಫೋಟೊಗೆ ಹಾರ, ಕೆಂಪು ಹಳದಿ ತೋರಣ, ಪ್ಲಾಸ್ಟಿಕ್ ಕುರ್ಚಿಗಳ ತುಂಬ ಜನ. ಹುಡುಗಿ ಮೈಕ್ ಹಿಡಿದು, ಚೀಟಿ ನೋಡಿಕೊಂಡು, ಒಂದೊಂದೇ ಪದ ಬಿಡಿಸಿ ಓದಿದಳು: “ಈಗ ನಮ್ಮ ಬೆಂಗಳೂರಿನವರೇ ಮಾಡಿದ ಹಾಡು. ಸಂಗೀತ... ಬಿದ್ದು.”

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಗಾಬರಿಯಾಗಿ “ಅಯ್ಯೋ, ಏನ್ ಬಿತ್ತಮ್ಮಾ?” ಅಂತ ಎದ್ದು ನಿಂತರು. ಯಾರೋ ಸ್ಪೀಕರ್ ಕಡೆ ಓಡಿದರು. ಅಷ್ಟರಲ್ಲಿ ಹನ್ನೆರಡು ಕಾಲುಗಳು ಒಟ್ಟಿಗೆ ಗಾಳಿಗೆ ಎದ್ದವು.

ಹೂ! ಹಾ!